ಎನ್‌ಸಿಆರ್ ಹಾಕೋದೋ, ರಿಜಿಸ್ಟರಿಗೆ ಬರದು ಬಿಡೋದೋ? ಶಾಪ್ ಫ್ಲೋರ್ ಕ್ವಾಲಿಟಿ ಹುಡುಗ್ರಿಗೆ

ಬೆಳಗಾವಿ, ವಿಜಯಪುರ, ಬಾಗಲಕೋಟಿ, ಕಲಬುರಗಿ ಕಡೆಯಿಂದ ಡಿಪ್ಲೊಮಾ ಮುಗಿಸ್ಕೊಂಡು ಪುಣೆಕ್ಕ ಬಂದು ಚಾಕಣ, ಭೋಸರಿ, ತಳೇಗಾಂವ, ರಾಂಜಣಗಾಂವದಾಗ ಕ್ವಾಲಿಟಿಗೆ ಸೇರೋ ಹುಡುಗ್ರು ಮೊದಲನೇ ತಿಂಗಳದಾಗ ಕೇಳೋದು ಒಂದೇ ಮಾತು, ಸರ್ ಇದಕ್ಕ ಎನ್‌ಸಿಆರ್ ಹಾಕ್ಬೇಕೇನು ಅಂತ. ಎನ್‌ಸಿಆರ್ ಅಂದ್ರ ನಾನ್‌ಕನ್ಫರ್ಮಿಟಿ ರಿಪೋರ್ಟ್, ಹೇಳಿದಂಗ ಬರದ ಪೀಸಿನ ಮ್ಯಾಲ ಬರಿಯೋ ವರದಿ. ಕೇಳಿದವಂಗ ಎರಡು ಥರದ ಉತ್ತರ ಸಿಗ್ತಾವ. ಪ್ರೊಡಕ್ಷನ್ ಸೂಪರ್‌ವೈಜರ್ ಆದ್ರ "ಅರೇ ಲಿಹೂ ನಕೋ ರೇ, ಮೀ ಬಘತೋ" (ಬರೀಬ್ಯಾಡೋ, ನಾ ನೋಡ್ಕೋತೀನಿ) ಅಂತ ಹೆಗಲ ಮ್ಯಾಲ ಕೈ ಹಾಕಿ ಕರ್ಕೊಂಡು ಹೋಗಿ ಚಾ ಕುಡಿಸ್ತಾನ, ತಿರುಗಿ ಬರೋದ್ರಾಗ ಪೀಸು ಮಾಯ. ಆಡಿಟ್‌ದಾಗ ಒಮ್ಮೆ ಪೆಟ್ಟು ತಿಂದ ಕ್ವಾಲಿಟಿ ಹೆಡ್ ಆದ್ರ "ಎಲ್ಲಾದಕ್ಕೂ ಹಾಕು, ಬರ್ (ಅಂಚಿನ ಮ್ಯಾಲ ಉಳದ ಸಣ್ಣ ಚೂಪು) ಕಂಡ್ರೂ ಹಾಕು" ಅಂತಾನ, ಆಮ್ಯಾಲ ರಾಶಿಗಟ್ಟಲೆ ಎನ್‌ಸಿಆರ್ ಓಪನ್ ಬಿದ್ದಿರ್ತಾವ, ಆಡಿಟ್ ಹಿಂದಿನ ರಾತ್ರಿ ಕೂತು ಎಲ್ಲಾದಕ್ಕೂ "ಆಪರೇಟರ್‌ಗೆ ತರಬೇತಿ ನೀಡಲಾಗಿದೆ" ಅಂತ ಒಂದೇ ಸಾಲು ಬರದು ಕ್ಲೋಸ್ ಮಾಡ್ತಾರ. ಎರಡೂ ಕೆಲಸಕ್ಕ ಬರಂಗಿಲ್ಲ.

ನಾ ಹಿಡಿಯೋ ಲೆಕ್ಕ ಇಷ್ಟ. ಕೈಯಾಗಿರೋ ಪೀಸು ಮುಂದ ಎಲ್ಲಿಗೆ ಹೋಗ್ಬೇಕು ಅಂತ ಹೇಳೋ ಅಧಿಕಾರ ಯಾರಿಗೈತಿ, ಅದನ್ನ ಮೊದಲು ನೋಡ್ರಿ. ಕಂಟ್ರೋಲ್ ಪ್ಲಾನ್, ರಿವರ್ಕ್ ಇನ್‌ಸ್ಟ್ರಕ್ಷನ್, ಲಿಮಿಟ್ ಸ್ಯಾಂಪಲ್ (ಇಷ್ಟರ ತನಕ ನಡೀತೈತಿ ಅಂತ ತೋರಸೋ ಮಾದರಿ ಪೀಸು), ಹಿಂಗ ಮೊದಲೇ ಅಪ್ರೂವ್ ಆಗಿರೋ ಕಾಗದ ಏನಾರ ಇದ್ದು ಅದು "ಹಿಂಗಾದ್ರ ಹಿಂಗ ಮಾಡು" ಅಂತ ಹೇಳಿತ್ತಂದ್ರ ಆಪರೇಟರು ಇಲ್ಲಾ ಲೈನ್ ಇನ್‌ಸ್ಪೆಕ್ಟರು ಅಷ್ಟು ಮಾಡಿ ರಿಜಿಸ್ಟರಿಗೆ ಹಾಕಿದ್ರ ಮುಗೀತು. ಆ ಕಾಗದ ಎಲ್ಲೆ ಮುಗೀತೈತೋ ಅಲ್ಲಿಂದ ಎನ್‌ಸಿಆರ್ ಚಾಲೂ, ಯಾಕಂದ್ರ ಅಲ್ಲಿಂದ ಮುಂದಿನ ನಿರ್ಧಾರ ನಿಮ್ದೂ ಅಲ್ಲ, ಸೂಪರ್‌ವೈಜರ್‌ದೂ ಅಲ್ಲ, ಡಿಸೈನ್‌ನವರದೋ ಕಸ್ಟಮರ್‌ದೋ ಎಮ್‌ಆರ್‌ಬಿದೋ (ಮಟೀರಿಯಲ್ ರಿವ್ಯೂ ಬೋರ್ಡ್, ಕೆಟ್ಟ ಪೀಸಿನ ಬಗ್ಗೆ ನಿರ್ಧಾರ ಮಾಡೋ ಮಂಡಳಿ) ಆಗಿರ್ತೈತಿ, ಅವರ ಮುಂದ ವಿಷಯ ಹೋಗ್ಬೇಕಂದ್ರ ಬರವಣಿಗಿಯೊಳಗ ಹೋಗ್ಬೇಕು. ಡಿಫೆಕ್ಟ್ ಎಷ್ಟು ದೊಡ್ಡದು ಅನ್ನೋದು ಆಮ್ಯಾಲಿನ ಮಾತು.

ಸ್ಟ್ಯಾಂಡರ್ಡ್ ಏನ್ ಕೇಳ್ತೈತಿ ಅಂತಲೂ ಒಮ್ಮೆ ನೋಡ್ಕೊಳ್ರಿ, ಎಷ್ಟೋ ಮಂದಿ ಓದದೇ ಹೆದರ್ಕೊಂಡಿರ್ತಾರ. ಐಎಸ್‌ಒ 9001:2015ರ ಕ್ಲಾಜ್ 8.7ದಾಗ ಎನ್‌ಸಿಆರ್ ಅನ್ನೋ ಫಾರ್ಮಿನ ಹೆಸರೇ ಇಲ್ಲ. ಅದು ಕೇಳೋದು ನಾಕು ಮಾತಿನ ದಾಖಲೆ: ಏನ್ ತಪ್ಪಾಗಿತ್ತು, ಅದಕ್ಕ ಏನ್ ಮಾಡಿದ್ರಿ, ಕನ್ಸೆಷನ್ (ತಪ್ಪಿದ್ರೂ ಬಳಸಾಕ ಕೊಟ್ಟ ಒಪ್ಪಿಗಿ) ತಗೊಂಡಿದ್ರ ಅದರ ವಿವರ, ಮತ್ತ ಈ ನಿರ್ಧಾರ ಯಾರು ತಗೊಂಡ್ರು. ನಿಮ್ಮ ರಿಜೆಕ್ಷನ್ ರಿಜಿಸ್ಟರಿನಾಗ ಈ ನಾಕು ಕಾಲಮ್ ಇದ್ದು ಸಹಿ ಸಮೇತ ತುಂಬಿದ್ರ ಸಣ್ಣ ಪುಟ್ಟದಕ್ಕ ಅದೇ ಸಾಕು, ಯಾವ ಆಡಿಟರೂ ಅದನ್ನ ಬ್ಯಾಡ ಅನ್ನಂಗಿಲ್ಲ. ಬಹಳ ಕಡೆ ಏನಾಗಿರ್ತೈತಿ ಅಂದ್ರ ರಿಜಿಸ್ಟರಿನಾಗ ಡೇಟು, ಪಾರ್ಟ್ ನಂಬರು, ಕ್ವಾಂಟಿಟಿ, "ರಿಜೆಕ್ಟ್" ಅಷ್ಟೇ ಇರ್ತೈತಿ, ಪೀಸು ಎಲ್ಲಿಗೆ ಹೋತು ಅನ್ನೋ ಕಾಲಮ್ಮೇ ಇರಂಗಿಲ್ಲ.

ಮೊದಲು ಗೇಜ್ ನೋಡ್ರಿ

ಪೆನ್ನು ತಗಿಯೋಕಿಂತ ಮುಂಚೆ, ಪೀಸು ಖರೇನ ಕೆಟ್ಟೈತೋ ಇಲ್ಲೋ ಅಂತ ಖಾತ್ರಿ ಮಾಡ್ಕೊಳ್ರಿ. ಕ್ಯಾಲಿಬ್ರೇಷನ್ ಸ್ಟಿಕರಿನ ಡೇಟ್ ನೋಡೋದು, ಮಾಸ್ಟರ್ (ಪಕ್ಕಾ ಅಳತಿ ಗೊತ್ತಿರೋ ಮಾದರಿ) ಹಾಕಿ ಝೀರೋ ನೋಡೋದು, ಇನ್ನೊಬ್ಬನ ಕೈಯಾಗ ಕೊಟ್ಟು ಮತ್ತೊಮ್ಮೆ ಅಳಸೋದು, ಐದು ನಿಮಿಷದ ಕೆಲಸ. ಮೇ ತಿಂಗಳದಾಗ ಇಲ್ಲಿ ಶೆಡ್ಡಿನ ಒಳಗ ಬಿಸಿಲು ಹೆಂಗಿರ್ತೈತಿ ನಿಮಗ ಗೊತ್ತೈತಿ, ಅದರ ಮ್ಯಾಲ ಮಷಿನ್‌ನಿಂದ ಆಗಷ್ಟ ಬಿದ್ದ ಪೀಸು ಕೈ ಸುಡೋವಷ್ಟು ಬಿಸಿ ಇರ್ತೈತಿ. ಅಳತಿ ಎಲ್ಲಾ 20 ಡಿಗ್ರಿಗೆ ಹೇಳಿದ್ದು. ಸ್ಟೀಲು ಒಂದು ಮೀಟರಿಗೆ ಒಂದು ಡಿಗ್ರಿಗೆ ಸುಮಾರು 11.5 ಮೈಕ್ರಾನ್ ಹಿಗ್ಗತೈತಿ, ಅಂದ್ರ 25 ಎಂಎಂ ಬೋರು (ಪೀಸಿನೊಳಗಿನ ದುಂಡು ತೂತು) ಮಾಸ್ಟರಿಗಿಂತ 15 ಡಿಗ್ರಿ ಬಿಸಿ ಇದ್ರ 4 ಮೈಕ್ರಾನ್ ಮ್ಯಾಲ ಫರಕು ಬಂತು. 25 ಎಚ್7 (ತೂತಿನ ಟಾಲರೆನ್ಸ್ ಗ್ರೇಡ್) ಬೋರಿಗೆ ಇರೋ ಟಾಲರೆನ್ಸೇ ಒಟ್ಟು 21 ಮೈಕ್ರಾನ್, 25.000ದಿಂದ 25.021. ಅದರಾಗ ಐದನೇ ಒಂದು ಪಾಲು ಬರೇ ಬಿಸಿಗೆ ಹೋತು. ಅಲ್ಯೂಮಿನಿಯಂ ಆದ್ರ ಇದರ ಡಬಲ್ ಹಿಡೀರಿ. ಪೀಸು ಮತ್ತ ಮಾಸ್ಟರು ಎರಡೂ ಒಂದೇ ಲೋಹ, ಒಂದೇ ಟೇಬಲ್ ಮ್ಯಾಲ ಒಂದೇ ಟೆಂಪರೇಚರ್‌ಗೆ ಬಂದಿದ್ರ ಫರಕು ತಾನಾಗೇ ಕಟ್ ಆಗ್ತೈತಿ, ಹಂಗಾಗಿ ಪೀಸು ತಣ್ಣಗಾಗೋ ತನಕ ತಡೀರಿ.

ಈಗ ಉಲ್ಟಾ ಕೇಸ್. ಪೀಸು ಚಲೋ ಐತಿ, ಗೇಜೇ ತಪ್ಪೈತಿ ಅಂತ ಗೊತ್ತಾತು ಅಂದ್ಕೊಳ್ರಿ. ಬಚಾವಾದ್ವಿ ಅಂತ ಗೇಜ್ ಬದಲಿ ಮಾಡಿ ಸುಮ್ಮನಾಗೋದಲ್ಲ, ಹಂಗಾದ್ರ ಎನ್‌ಸಿಆರ್ ಪಕ್ಕಾ ಬೇಕು, ಯಾಕಂದ್ರ ಹಿಂದಿನ ಸಲ ಆ ಗೇಜ್ ಸರಿ ಐತಿ ಅಂತ ಗೊತ್ತಾದ ದಿನದಿಂದ ಇವತ್ತಿನ ತನಕ ಅದರಿಂದ ಪಾಸ್ ಆದ ಪ್ರತಿಯೊಂದು ಪೀಸಿನ ಮ್ಯಾಲೂ ಈಗ ಪ್ರಶ್ನೆ ಬಂತು. ಐಎಸ್‌ಒ 9001ದ 7.1.5.2 ಇದನ್ನೇ ಹೇಳೋದು, ಹಳೇ ರೀಡಿಂಗ್‌ಗೆ ಏನ್ ಧಕ್ಕೆ ಆಗೈತಿ ನೋಡು ಅಂತ.

ರಿಜಿಸ್ಟರ್ ಸಾಕಾಗೋ ಕೇಸ್‌ಗಳು

ಸೆಟಪ್ ಪೀಸ್ ಮೊದಲು. ಹೊಸಾ ಸೆಟಿಂಗ್‌ಗೆ ಇಷ್ಟು ಪೀಸ್ ಹೋಗ್ತಾವ ಅಂತ ಸೆಟಪ್ ಶೀಟಿನಾಗ ಇದ್ದು ಅಷ್ಟರೊಳಗ ಮುಗದ್ರ ಬರದು ಕೆಂಪು ಬಿನ್ನಿಗೆ ಹಾಕ್ರಿ, ಮುಗೀತು. ಆದ್ರ ಸೆಟಪ್ ಪೀಸ್ ಅಂತ ಹೇಳಿ ಮಧ್ಯಾಹ್ನ ಮೂರು ಗಂಟೆಗೆ ರನ್ನಿಂಗ್ ಲಾಟಿನ ಪೀಸ್ ತಂದು ಅದೇ ಬಿನ್ನಿಗೆ ಹಾಕೋ ಜಾಣರು ಎಲ್ಲಾ ಶಾಪ್‌ನಾಗೂ ಇರ್ತಾರ, ಅದಕ್ಕ ಸೆಟಪ್ ಪೀಸಿಗೆ ಪೇಂಟ್ ಮಾರ್ಕ್ ಹಾಕೋ ರೂಢಿ ಮಾಡ್ರಿ.

ಆಮ್ಯಾಲ ಅಪ್ರೂವ್ಡ್ ರಿವರ್ಕ್. ಬೋರ್ 24.990 ಬಂತು, ಅಂದ್ರ ಮಟೀರಿಯಲ್ ಇನ್ನೂ ಐತಿ, ಮತ್ತೊಂದು ಕಟ್ ತಗೊಂಡ್ರ ಡ್ರಾಯಿಂಗಿಗೆ ಬರ್ತೈತಿ, ಅದಕ್ಕ ರಿವರ್ಕ್ ಇನ್‌ಸ್ಟ್ರಕ್ಷನ್ ಐತಿ, ಮಾಡಿದ ಮ್ಯಾಲ ಮತ್ತ ಚೆಕ್ ಮಾಡೋ ಸ್ಟೆಪ್ ಅದರಾಗೈತಿ, ರಿಜಿಸ್ಟರ್ ಸಾಕು. ಇನ್‌ಸ್ಟ್ರಕ್ಷನ್ ಇಲ್ಲ, ಆದ್ರ ಆಪರೇಟರ್ ಹುಷಾರಿ ಅದಾನ, ತಾನೇ ಮಾಡ್ಕೋತಾನ ಅಂದ್ರ ಸಾಕಾಗಂಗಿಲ್ಲ. ಆಟೋ ಲೈನಿನ್ಯಾಗ ಇರೋರಿಗೆ ಐಎಟಿಎಫ್ 16949ರ (ಆಟೋದವರ ಕ್ವಾಲಿಟಿ ಸ್ಟ್ಯಾಂಡರ್ಡ್) 8.7.1.4 ಇದರ ಬಗ್ಗೆ ಖಡಕ್ ಐತಿ, ರಿವರ್ಕ್ ಮಾಡೋ ಮುಂಚೆ ಅದರ ರಿಸ್ಕ್ ನೋಡಿರಬೇಕು, ಬಿಚ್ಚೋದು, ಮತ್ತ ಕೂಡಿಸೋದು, ಮರು ಚೆಕ್, ಎಲ್ಲಾ ಬರದಿರಬೇಕು.

ಕಾಸ್ಮೆಟಿಕ್ ವಿಷಯ, ಅಂದ್ರ ಪೇಂಟಿನ ಶೇಡು, ಸಣ್ಣ ಗೀರು, ಕಾಸ್ಟಿಂಗ್ ಮ್ಯಾಲಿನ ಉಬ್ಬು, ಇದಕ್ಕ ಕಸ್ಟಮರ್ ಸಹಿ ಇರೋ ಲಿಮಿಟ್ ಸ್ಯಾಂಪಲ್ ಇದ್ರ ಜಗಳೇ ಇಲ್ಲ, ಪಕ್ಕಕ್ಕ ಇಟ್ಟು ನೋಡಿದ್ರ ಆತು, ಲಿಮಿಟಿನ ಒಳಗಿದ್ರ ಅದು ತಪ್ಪೇ ಅಲ್ಲ. ಸ್ಯಾಂಪಲ್ ಇಲ್ಲಾಂದ್ರ ಡೇ ಶಿಫ್ಟಿನವ್ರು ಪಾಸ್ ಮಾಡಿದ್ದನ್ನ ನೈಟ್ ಶಿಫ್ಟಿನವ್ರು ರಿಜೆಕ್ಟ್ ಮಾಡ್ತಾರ, ಆಗ ಮೊದಲನೇ ಸಲ ಎನ್‌ಸಿಆರ್ ಹಾಕ್ರಿ, ಅದರ ಉತ್ತರವಾಗಿ ಲಿಮಿಟ್ ಸ್ಯಾಂಪಲ್ ಬರಲಿ.

ಇವೆಲ್ಲಾ ರಿಜಿಸ್ಟರಿಗೆ ಬಿಟ್ಟಿದ್ದು ಒಂದು ಶರತ್ತಿನ ಮ್ಯಾಲ, ವಾರಕ್ಕ ಒಮ್ಮೆ ಯಾರಾರ ಒಬ್ರು ಅದನ್ನ ಕೂಡಿಸಿ ಪ್ಯಾರೆಟೋ (ಯಾವ ತಪ್ಪು ಎಷ್ಟು ಸಲ ಅಂತ ದೊಡ್ಡದ್ರಿಂದ ಸಣ್ಣದಕ್ಕ ಜೋಡಿಸಿದ ಚಾರ್ಟು) ಹಾಕ್ಬೇಕು. ಒಂದೊಂದೇ ಪೀಸು ಅಂತ ಬರೀತಾ ಹೋಗಿ ತಿಂಗಳ ಕೊನೆಗೆ ಅದೇ ಡಿಫೆಕ್ಟು ಅದೇ ಮಷಿನ್ ಮ್ಯಾಲ ನೂರು ಆಗಿದ್ರ ಆ ನೂರಕ್ಕ ಸೇರಿ ಒಂದು ಎನ್‌ಸಿಆರ್ ಬೇಕಿತ್ತು. ಎಷ್ಟಾದ್ರ ಹಾಕ್ಬೇಕು ಅನ್ನೋ ನಂಬರು ನಿಮ್ಮ ಕಂಪನಿ ನಿಮ್ಮ ಪಾರ್ಟಿಗೆ ತಕ್ಕಂಗ ಇಡಬೇಕು, ಆದ್ರ ಪ್ರೊಸೀಜರಿನಾಗ ಮೊದಲೇ ಬರದಿಡ್ರಿ, ಇಲ್ಲಾಂದ್ರ ಡಿಸ್ಪ್ಯಾಚ್ ಒತ್ತಡ ಇದ್ದ ದಿನ ಆ ನಂಬರು ರಬ್ಬರಿನಂಗ ಹಿಗ್ಗತೈತಿ.

ಒಂದೇ ಪೀಸಾದ್ರೂ ಹಾಕಲೇಬೇಕಾದ್ದು

ಸ್ಪೆಷಲ್ ಕ್ಯಾರೆಕ್ಟರಿಸ್ಟಿಕ್. ಡ್ರಾಯಿಂಗ್ ಮ್ಯಾಲ ಕಸ್ಟಮರ್ ಹಾಕಿರೋ ಗುರುತು ಇರ್ತೈತಲ್ಲ, ಬ್ರೇಕು, ಸ್ಟೀರಿಂಗು, ಫ್ಯೂಯಲ್ ಲೈನು, ಎಫ್‌ಎಂಇಎದಾಗ (ಏನೇನ್ ಕೆಡಬಹುದು ಅಂತ ಮೊದಲೇ ಮಾಡಿದ ರಿಸ್ಕ್ ಪಟ್ಟಿ) ಸಿವಿಯರಿಟಿ 9 ಇಲ್ಲಾ 10 ಬಿದ್ದಿರೋ ಅಳತಿ, ಅಲ್ಲಿ ಒಂದು ಪೀಸು ಹೊರಗ ಬಂದ್ರೂ ಚರ್ಚಾ ಇಲ್ಲ, ಹಾಕ್ರಿ.

ಸ್ಟೇಜ್ ದಾಟಿದ್ದು. ಆಪರೇಷನ್ 20ರಾಗ ಆದ ತಪ್ಪು ಆಪರೇಷನ್ 20ರಾಗೇ ಸಿಕ್ರ ಸಿಸ್ಟಮ್ ಕೆಲಸ ಮಾಡ್ಯಾದ ಅಂತ ಅರ್ಥ. ಅದೇ ತಪ್ಪು ಸ್ಟೇಜ್ ಇನ್‌ಸ್ಪೆಕ್ಷನ್ ಪಾಸ್ ಆಗಿ ಆಪರೇಷನ್ 50ರಾಗೋ ಅಸೆಂಬ್ಲಿಯೊಳಗೋ ಸಿಕ್ರ ಅಲ್ಲಿ ಎರಡು ತಪ್ಪು ಅದಾವ, ಒಂದು ಮಾಡಿದ್ದು, ಇನ್ನೊಂದು ಹಿಡೀದೇ ಬಿಟ್ಟಿದ್ದು. ಎರಡನೇದು ಹೆಚ್ಚು ಗಂಭೀರ, ಯಾಕಂದ್ರ ಅದೇ ತೂತಿನ್ಯಾಗಿಂದ ಇನ್ನೇನೇನ್ ಹೋಗೈತೋ ಯಾರಿಗೆ ಗೊತ್ತು.

ಗೇಟ್ ದಾಟಿದ್ದು. ಡಿಸ್ಪ್ಯಾಚ್ ಆದ ಲಾಟಿನಾಗ ತಪ್ಪೈತಿ ಅಂತ ಸಂಶಯ ಬಂದ್ರೂ ಸಾಕು, ಎನ್‌ಸಿಆರೂ ಹಾಕ್ಬೇಕು, ಕಸ್ಟಮರ್‌ಗೆ ತಕ್ಷಣ ಹೇಳಲೂಬೇಕು, ಐಎಟಿಎಫ್ 8.7.1.6 ಅದಕ್ಕೇ ಇರೋದು. ಅವ್ರು ತಾವೇ ಕಂಡು ಹಿಡದು ಫೋನ್ ಮಾಡೋದು ಬ್ಯಾರೆ, ನಾವೇ ಮೊದಲು ಹೇಳೋದು ಬ್ಯಾರೆ, ಮೊದಲನೇದ್ರಾಗ ನಿಮ್ಮ ಗಾಡಿ ಅವರ ಗೇಟಿನ ಮುಂದ ಎರಡು ದಿನ ನಿಂತಿರ್ತೈತಿ. 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆ 110ಎ ಸೆಕ್ಷನ್ ತಂದ ಮ್ಯಾಲ ಗಾಡಿ ವಾಪಸ್ ಕರಿಸೋ ಅಧಿಕಾರ ಕೇಂದ್ರ ಸರ್ಕಾರಕ್ಕ ಬಂದೈತಿ, ಹಂಗಾಗಿ ದೊಡ್ಡ ಕಸ್ಟಮರ್‌ಗಳು ಈಗ ಸಪ್ಲೈಯರ್ ಏನ್ ಮುಚ್ಚಿಟ್ಟಾನ ಅನ್ನೋದ್ರ ಬಗ್ಗೆ ಭಾಳ ಹುಷಾರಿ.

ಡ್ರಾಯಿಂಗಿಗೆ ತರಾಕ ಆಗದ್ದು. ಬ್ಲೋ ಹೋಲ್ ಇರೋ ಕಾಸ್ಟಿಂಗ್ ತಗೊಳ್ರಿ, ನಮ್ಮ ಬೆಳಗಾವಿ ಫೌಂಡ್ರಿಗಳಿಂದ ಪುಣೆಕ್ಕ ಕಾಸ್ಟಿಂಗ್ ಬರ್ತಾನೇ ಇರ್ತಾವ, ಮಷಿನಿಂಗ್ ಮಾಡಿದ ಮ್ಯಾಲ ಸಣ್ಣ ತೂತು ಕಾಣ್ತೈತಿ. ವೆಲ್ಡ್ ತುಂಬಿ ಗ್ರೈಂಡ್ ಹೊಡದ್ರ ಕಣ್ಣಿಗೆ ಚಂದ ಕಾಣ್ತೈತಿ, ಆದ್ರ ಇದು ರಿವರ್ಕ್ ಅಲ್ಲ, ರಿಪೇರಿ. ಪೀಸು ಬಳಕೆಗೆ ಬರ್ತೈತಿ ಅಷ್ಟೇ, ಡ್ರಾಯಿಂಗ್ ಹೇಳಿದ ಪೀಸು ಅದಲ್ಲ. ರಿಪೇರಿಗೆ ಮೊದಲು ಕಸ್ಟಮರ್ ಅಪ್ರೂವಲ್ ಬೇಕು, ಅಪ್ರೂವಲ್ ಕೇಳಾಕ ಎನ್‌ಸಿಆರ್ ಬೇಕು. ಹಂಗೇ "ಇದ್ದಂಗೇ ಹಾಕ್ರಿ" ಅನ್ನೋದಕ್ಕೂ. ಮಾಡೋ ಮೊದಲು ಕೇಳಿದ್ರ ಡೀವಿಯೇಷನ್, ಮಾಡಿದ ಮ್ಯಾಲ ಕೇಳಿದ್ರ ಕನ್ಸೆಷನ್, ಎರಡಕ್ಕೂ ಇಷ್ಟೇ ಪೀಸು, ಇಷ್ಟೇ ದಿನ ಅನ್ನೋ ಗಡಿ ಇರ್ತೈತಿ, ಆ ಗಡಿ ದಾಟಿ ಹಳೇ ಇಮೇಲ್ ತೋರಿಸ್ಕೋತ ಪೀಸ್ ಕಳಿಸ್ಕೋತ ಕೂಡಂಗಿಲ್ಲ.

ಮತ್ತ ಗುರುತು ಕಳಕೊಂಡಿದ್ದು. ಟ್ಯಾಗ್ ಇಲ್ಲದ ಬಿನ್, ಎರಡು ಹೀಟ್ ನಂಬರ್ ಕಲಸಿ ಹೋದ ಬಾರ್‌ಗಳು, ನೆಲದ ಮ್ಯಾಲ ಬಿದ್ದಿದ್ದನ್ನ ಯಾರೋ ಎತ್ತಿ ಟ್ರೇದಾಗ ಇಟ್ಟಿದ್ದು. ಅಳತಿ ಎಲ್ಲಾ ಸರಿ ಇರಬಹುದು. ಆದ್ರೂ ಐಎಟಿಎಫ್ 8.7.1.3 ಪ್ರಕಾರ ಸ್ಟೇಟಸ್ ಗೊತ್ತಿಲ್ಲದ ಪೀಸು ಕೆಟ್ಟ ಪೀಸೇ.

ಕಣ್ಣಿಗೆ ಕಾಣದ ಕೇಸ್ ಒಂದನ್ನ ಬಿಡಿಸಿ ಹೇಳ್ತೀನಿ, ಯಾಕಂದ್ರ ಹುಡುಗ್ರು ಎಡವೋದು ಹೆಚ್ಚಾಗಿ ಇಲ್ಲೇ. 12.9 ಗ್ರೇಡಿನ ಅಲೆನ್ ಬೋಲ್ಟ್ ಜಿಂಕ್ ಪ್ಲೇಟಿಂಗ್‌ಗೆ ಜಾಬ್ ವರ್ಕ್‌ಗೆ ಹೋಗಿರ್ತಾವ. ಇವುಗಳ ಹಾರ್ಡ್‌ನೆಸ್ 39ರಿಂದ 44 ಎಚ್‌ಆರ್‌ಸಿ. ಇಷ್ಟು ಗಟ್ಟಿ ಸ್ಟೀಲು ಆಸಿಡ್ ಪಿಕ್ಲಿಂಗ್, ಎಲೆಕ್ಟ್ರೋಪ್ಲೇಟಿಂಗ್ ಆಗೋವಾಗ ಹೈಡ್ರೋಜನ್ ಹೀರ್ಕೊಂಡು ಪೆಡಸಾಗ್ತೈತಿ, ಅದನ್ನ ಹೊರಗ ಹಾಕಾಕ ಪ್ಲೇಟಿಂಗ್ ಆದ ಮ್ಯಾಲ ಹೆಚ್ಚು ತಡ ಮಾಡದೇ, ಸಾಮಾನ್ಯವಾಗಿ ನಾಕು ತಾಸಿನೊಳಗ, 190ರಿಂದ 220 ಡಿಗ್ರಿಯೊಳಗ ತಾಸುಗಟ್ಟಲೆ ಬೇಕಿಂಗ್ ಮಾಡ್ಬೇಕು ಅಂತ ಸ್ಪೆಕ್ ಇರ್ತೈತಿ. ಲಾಟ್ ವಾಪಸ್ ಬಂತು, ಹೊಳೀತೈತಿ, ಥಿಕ್‌ನೆಸ್ ಸರಿ, ಥ್ರೆಡ್ ಗೇಜ್ ಸರಿ, ಸಾಲ್ಟ್ ಸ್ಪ್ರೇ ರಿಪೋರ್ಟ್ ಸುದ್ದಾ ಸರಿ. ಬೇಕಿಂಗ್ ಚಾರ್ಟ್ ಮಾತ್ರ ಇಲ್ಲ, ಕೇಳಿದ್ರ ರಾತ್ರಿ ಕರೆಂಟ್ ಹೋಗಿತ್ತು, ಮುಂಜಾನೆ ಮಾಡೇವಿ ಅಂತಾರ. ಇಲ್ಲಿ ಡಿಫೆಕ್ಟ್ ಎಲ್ಲೈತಿ ತೋರಸು ಅಂದ್ರ ತೋರಸಾಕ ಏನೂ ಇಲ್ಲ. ಆದ್ರ ಬೋಲ್ಟ್ ಟೈಟ್ ಮಾಡಿದಾಗ ಏನೂ ಆಗಂಗಿಲ್ಲ, ಕೆಲವು ತಾಸೋ ಕೆಲವು ದಿನಾನೋ ಬಿಟ್ಟು ತಲಿ ಟಕ್ ಅಂತ ಹಾರತೈತಿ. ತಡವಾಗಿ ಬೇಕ್ ಮಾಡಿದ್ರ ಒಳಗ ಆಗ್ಲೇ ಶುರುವಾದ ಬಿರುಕು ವಾಪಸ್ ಕೂಡಂಗಿಲ್ಲ. ಹಂಗಾಗಿ ಪ್ಲೇಟಿಂಗ್, ಹೀಟ್ ಟ್ರೀಟ್‌ಮೆಂಟ್, ವೆಲ್ಡಿಂಗ್ ಥರದ ಕೆಲಸದಾಗ ಪ್ರೊಸೆಸ್ ತಪ್ಪಿತ್ತಂದ್ರ ಅದೇ ನಾನ್‌ಕನ್ಫರ್ಮಿಟಿ, ಪೀಸಿನ ಮ್ಯಾಲ ಗಾಯ ಹುಡಕಬ್ಯಾಡ್ರಿ.

ಇನ್‌ಕಮಿಂಗ್ ಬಗ್ಗೆ ಜಾಸ್ತಿ ಹೇಳೋದಿಲ್ಲ. ಸಪ್ಲೈಯರ್‌ದು ತಪ್ಪಿದ್ರ ಹಾಕ್ರಿ, ಡೆಬಿಟ್ ನೋಟ್‌ಗೂ ಅದೇ ಬೇಕು, ಅವ್ನ 8ಡಿಗೂ (ಎಂಟು ಹಂತದ ಕಾರಣ-ಪರಿಹಾರ ವರದಿ) ಅದೇ ಬೇಕು. ಸ್ಯಾಂಪ್ಲಿಂಗ್ ಒಂದು ಗೊಂದಲ ಐತಿ. ಐಎಸ್‌ಒ 2859-1 ಟೇಬಲ್ ಹಿಡದ್ರ 501ರಿಂದ 1200ರ ಲಾಟಿಗೆ ಲೆವೆಲ್ 2ರಾಗ 80 ಪೀಸ್ ನೋಡ್ಬೇಕು, ಎಕ್ಯುಎಲ್ (ಒಪ್ಪಿಕೊಳ್ಳೋ ಕೆಟ್ಟ ಪೀಸಿನ ಮಟ್ಟ) 1.0 ಇದ್ರ 2 ಕೆಟ್ಟ ಪೀಸಿನ ತನಕ ಲಾಟ್ ಪಾಸ್, 3 ಆದ್ರ ರಿಜೆಕ್ಟ್. 3 ಸಿಕ್ರ ಎನ್‌ಸಿಆರ್, ಸರಿ. 2 ಸಿಕ್ರ? ಲಾಟ್ ಪಾಸ್ ಆತು, ಆದ್ರ ಕೈಯಾಗಿರೋ ಆ ಎರಡು ಪೀಸು ಪಾಸ್ ಆಗಲಿಲ್ಲ, ಅವನ್ನ ತಗದು ರಿಜಿಸ್ಟರಿಗೆ ಹಾಕ್ರಿ. ಆಟೋದವ್ರು ಈ ಟೇಬಲ್ ಮರತು ಬಿಡ್ರಿ, ಐಎಟಿಎಫ್ 8.6.6 ಪ್ರಕಾರ ಅಟ್ರಿಬ್ಯೂಟ್ ಸ್ಯಾಂಪ್ಲಿಂಗ್‌ನಾಗ ಅಕ್ಸೆಪ್ಟೆನ್ಸ್ ಲೆವೆಲ್ ಝೀರೋ ಡಿಫೆಕ್ಟ್, ಒಂದು ಸಿಕ್ರೂ ಲಾಟ್ ನಿಲ್ತೈತಿ.

ನಾಕು ಗಂಟೆಗೆ ನೋ-ಗೋ ಒಳಗ ಹೋದ್ರ

ಈಗ ಒಂದು ಕೇಸ್ ತಗೊಂಡು ನಡಸೋಣ. ಸಿಎನ್‌ಸಿ ಮ್ಯಾಲ ಅದೇ 25 ಎಚ್7 ಬೋರು, ಎರಡು ನಿಮಿಷಕ್ಕೊಂದು ಪೀಸು, ಎರಡು ತಾಸಿಗೊಮ್ಮೆ ಪ್ಯಾಟ್ರೋಲ್ ಚೆಕ್ (ಮಷಿನ್ ಮಷಿನ್‌ಗೆ ಸುತ್ತಾಡಿ ಮಾಡೋ ತಪಾಸಣಿ). ಎರಡು ಗಂಟೆಗೆ ಚೆಕ್ ಮಾಡಿದ್ದು ಓಕೆ. ನಾಕು ಗಂಟೆಗೆ ಗೇಜಿನ ನೋ-ಗೋ ಸೈಡು (ಒಳಗ ಹೋಗಬಾರದ ಬದಿ) ಬೋರಿನೊಳಗ ಆರಾಮ ಇಳದು ಹೋತು. ಮಷಿನ್ ನಿಲ್ಲಿಸಿ, ಗೇಜ್ ಖಾತ್ರಿ ಮಾಡ್ಕೊಂಡು, ಏರ್ ಗೇಜ್ ಹಾಕಿ ನೋಡಿದ್ರ 25.034. ದೊಡ್ಡದಾತು, ಕಡದ ಲೋಹ ವಾಪಸ್ ಬರಂಗಿಲ್ಲ, ಅಂದ್ರ ರಿವರ್ಕ್ ದಾರಿ ಬಂದ್. ಸೂಪರ್‌ವೈಜರ್ ಬಂದು ಆಫ್‌ಸೆಟ್ ಸರಿ ಮಾಡಿ, ಕೆಟ್ಟ ಒಂದು ಪೀಸು ಬಿನ್ನಿಗೆ ಹಾಕಿ, ಮಷಿನ್ ಚಾಲೂ ಮಾಡಂತಾನ. ಇಲ್ಲೇ ತಡೀರಿ.

ನಿಮ್ಮ ಮುಂದಿರೋ ಪ್ರಶ್ನೆ ಆ ಒಂದು ಪೀಸಿನದಲ್ಲ. ಎರಡರಿಂದ ನಾಕರ ತನಕ ಆದ 60 ಪೀಸು ಎಲ್ಲೆ ಅದಾವ? 24 ಮಷಿನ್ ಬಾಜೂಕ ಟ್ರೇದಾಗ, 30 ವಾಶಿಂಗ್‌ದಾಗ, 6 ಅಸೆಂಬ್ಲಿಯವ್ರು ಅರ್ಜೆಂಟ್ ಅಂತ ಒಯ್ದಾರ. ಅಷ್ಟಕ್ಕೂ ಹಳದಿ ಹೋಲ್ಡ್ ಟ್ಯಾಗ್ ಬೀಳಬೇಕು, ಅಸೆಂಬ್ಲಿಯ ಆರಕ್ಕೆ ಮೊದಲು. ಮೂರು ಜಾಗಾ, ಎರಡು ಡಿಪಾರ್ಟ್‌ಮೆಂಟು, ನಿಮ್ಮ ಒಬ್ಬರ ಮಾತಿಗೆ ಅಸೆಂಬ್ಲಿಯವ್ರು ಲೈನ್ ನಿಲ್ಲಿಸಂಗಿಲ್ಲ, ಎನ್‌ಸಿಆರ್ ನಂಬರ್ ಇದ್ರ ನಿಲ್ಲಿಸ್ತಾರ. ಎಷ್ಟು ಪೀಸಿನ ಮ್ಯಾಲ ಪರಿಣಾಮ ಆಗೈತಿ ಅಂತ ನಿಂತ ಜಾಗಾದಿಂದ ಹೇಳಾಕ ಆಗದಿದ್ರ ಎನ್‌ಸಿಆರ್ ಬೇಕೇಬೇಕು, ಇದು ನನ್ನ ಲೆಕ್ಕದಾಗ ಎಲ್ಲಕ್ಕಿಂತ ಉಪಯೋಗದ ಪರೀಕ್ಷೆ.

ಆಮ್ಯಾಲ ಕಾರಣ. ಬೋರಿಂಗ್ ಇನ್‌ಸರ್ಟ್ (ಲೋಹ ಕಡಿಯೋ ತುದಿ) ಸವದ್ರ ಬೋರ್ ಸಣ್ಣ ಆಗ್ತಾ ಹೋಗ್ತೈತಿ, ದೊಡ್ಡದಾಗಂಗಿಲ್ಲ. ದೊಡ್ಡದಾಗೈತಿ ಅಂದ್ರ ಹೆಚ್ಚಾಗಿ ಯಾರೋ ಕೈ ಹಾಕಿರ್ತಾರ. ಮಷಿನ್ ಬಾಜೂಕಿನ ಟೂಲ್ ಚೇಂಜ್ ಶೀಟ್ ನೋಡಿದ್ರ 3:10ಕ್ಕ ಇನ್‌ಸರ್ಟ್ ಬದಲಿ ಆಗೈತಿ, ಹಳೇ ಇನ್‌ಸರ್ಟ್ ಸವದಿದ್ದಕ್ಕ ಆಪರೇಟರ್ ಸ್ವಲ್ಪ ಸ್ವಲ್ಪ ವೇರ್ ಆಫ್‌ಸೆಟ್ (ಸವದಷ್ಟು ಟೂಲ್ ಸರಿಸೋ ಸೆಟಿಂಗ್) ಕೊಡ್ತಾ ಬಂದಿದ್ದ, ಹೊಸಾ ಇನ್‌ಸರ್ಟ್ ಹಾಕಿದಾಗ ಅದನ್ನ ಝೀರೋ ಮಾಡದೇ ಚಾಲೂ ಮಾಡ್ಯಾನ. ಹಂಗಾದ್ರ ಕೆಟ್ಟವು 3:10ರ ಮ್ಯಾಲಿನ 25 ಪೀಸು ಇರಬೇಕು. ಆದ್ರ ಇದು ಇನ್ನೂ ಊಹೆ, 60ನ್ನೂ ಅಳೀರಿ, 35 ಸರಿ ಬಂದು 25 ಕೆಟ್ಟಿದ್ರ ಊಹೆ ಖರೇ ಆತು. ಲೆಕ್ಕ ತಾಳೆ ಆಗಲಿಲ್ಲಂದ್ರ ಎರಡು ಗಂಟೆಗಿಂತ ಹಿಂದಕ್ಕೂ ಹೋಗ್ರಿ, ಸಾಲಾಗಿ ಸರಿ ಇರೋ ಪೀಸು ಸಿಗೋ ತನಕ.

ಬರಿಯೋದು ಹೆಂಗ

"ಬೋರ್ ಸರಿ ಇಲ್ಲ" ಅಂತ ಬರದ ಎನ್‌ಸಿಆರ್ ಎಮ್‌ಆರ್‌ಬಿ ಟೇಬಲ್ ಮ್ಯಾಲ ಹೋದ್ರ ಅದು ತಿರುಗಿ ನಿಮ್ಮ ಹತ್ರಾನೇ ಬರ್ತೈತಿ. ಏನಿರಬೇಕಿತ್ತು, ಏನೈತಿ, ಎಲ್ಲೆ, ಎಷ್ಟು, ಯಾವುದ್ರಿಂದ ಅಳದ್ರಿ, ಇಷ್ಟು ಬರೀರಿ. ಮ್ಯಾಲಿನ ಕೇಸ್ ಆದ್ರ ಹಿಂಗ: "ಡ್ರಾಯಿಂಗ್ ರೆವಿಷನ್ ಸಿ ಪ್ರಕಾರ ಬೋರ್ 25.000–25.021 ಇರಬೇಕು. ಆಪರೇಷನ್ 20, ಮಷಿನ್ 4, ಎರಡನೇ ಶಿಫ್ಟ್, 16:00ರ ಚೆಕ್‌ನಾಗ 25.034 ಬಂದಿದೆ. ಏರ್ ಗೇಜ್, ಮಾಸ್ಟರ್ ಚೆಕ್ ಓಕೆ. 14:00ರ ನಂತರದ 60 ಪೀಸ್ ಹೋಲ್ಡ್: 24 ಮಷಿನ್, 30 ವಾಶಿಂಗ್, 6 ಅಸೆಂಬ್ಲಿ." ಇಷ್ಟು ಸಾಕು. ಆಪರೇಟರ್ ಹೆಸರು ಬರೀಬ್ಯಾಡ್ರಿ, ಕಾರಣಾನೂ ಈ ಬಾಕ್ಸಿನಾಗ ಬರೀಬ್ಯಾಡ್ರಿ. ಕಂಡಿದ್ದು ಒಂದು ಕಡೆ, ಯಾಕ ಆತು ಅನ್ನೋದು ಇನ್ನೊಂದು ಕಡೆ, ಕಲಸಿದ್ರ ಮೊದಲ ದಿನದ ಊಹೆನೇ ಕೊನೆ ತನಕ ಸತ್ಯ ಆಗಿ ಉಳೀತೈತಿ. ಹೆಸರು ಒಮ್ಮೆ ಬರದ್ರೆಂದ್ರ ಮುಂದಿನ ಸಲ ಯಾವ ಆಪರೇಟರೂ ತಾನಾಗಿ ಬಂದು ಪೀಸ್ ತೋರಸಂಗಿಲ್ಲ, ಅದರ ಲುಕ್ಸಾನು ನಿಮಗೇ.

ಎಲ್ಲಾ ಎನ್‌ಸಿಆರ್‌ಗೂ ಕಾಪಾ (ಕಾರಣ ಹುಡುಕಿ ಮತ್ತ ಆಗದಂಗ ಮಾಡೋ ಕ್ರಮ) ಬೇಕು ಅನ್ನೋದೂ ಒಂದು ಭ್ರಮೆ. ಕೆಟ್ಟ ಪೀಸಿನ ವ್ಯವಸ್ಥೆ ಮಾಡೋದು 8.7, ಮತ್ತ ಆಗದಂಗ ಕಾರಣ ತಗಿಯೋದು 10.2, ಆ 10.2 ಸುದ್ದಾ ಕಾರಣ ತಗಿಯೋ ಅಗತ್ಯ ಐತೋ ಇಲ್ಲೋ ವಿಚಾರ ಮಾಡು, ಪರಿಣಾಮಕ್ಕ ತಕ್ಕಷ್ಟು ಮಾಡು ಅಂತಾನೇ ಹೇಳೋದು. ಸೇಫ್ಟಿಗೆ ಸಂಬಂಧಿಸಿದ್ದು, ಕಸ್ಟಮರ್ ತನಕ ಹೋಗಿದ್ದು, ಮತ್ತ ಮತ್ತ ಆಗೋದು, ಇನ್‌ಸ್ಪೆಕ್ಷನ್ ತಪ್ಪಿಸ್ಕೊಂಡಿದ್ದು, ಇವಕ್ಕ ಪೂರಾ ಕೂತು ಮಾಡ್ರಿ. ನಮ್ಮ ಬೋರಿನ ಕೇಸಿಗೆ ಬೇಕು, ಯಾಕಂದ್ರ ನಾಳೆ ಇನ್ನೊಬ್ಬ ಆಪರೇಟರ್ ಇನ್‌ಸರ್ಟ್ ಬದಲಿ ಮಾಡಿದಾಗ ಹಂಗೇ ಆಗ್ತೈತಿ. ಅಲ್ಲಿ ಉತ್ತರ "ತರಬೇತಿ" ಅಲ್ಲ, ಇನ್‌ಸರ್ಟ್ ಬದಲಿ ಆದ ಮ್ಯಾಲ ವೇರ್ ಆಫ್‌ಸೆಟ್ ಝೀರೋ ಮಾಡೋ ಸ್ಟೆಪ್ಪು, ಮೊದಲನೇ ಪೀಸು ಅಳೀದೇ ಎರಡನೇ ಪೀಸು ಹಾಕಂಗಿಲ್ಲ ಅನ್ನೋ ಲಾಕು, ಹಿಂಗ ಏನಾರ ಇರಬೇಕು. ಉಳದ ಎನ್‌ಸಿಆರ್‌ಗೆ ಡಿಸ್ಪೊಸಿಷನ್ (ಪೀಸು ಏನ್ ಮಾಡ್ಬೇಕು ಅನ್ನೋ ನಿರ್ಧಾರ) ಆಗಿ ಸಹಿ ಬಿದ್ರ ಕ್ಲೋಸ್ ಮಾಡ್ರಿ, ಅದರಾಗ ನಾಚಿಕಿ ಏನಿಲ್ಲ.

ತಿಂಗಳ ಕೊನೆ, ಗಾಡಿ ಗೇಟಿನಾಗ ನಿಂತೈತಿ, ಪ್ಲಾಂಟ್ ಹೆಡ್ ಫೋನ್ ಮ್ಯಾಲ ಅದಾನ, ಅಂಥಾ ಹೊತ್ತಿನ್ಯಾಗ ಹೊಸಾ ಹುಡುಗ ಒಬ್ಬನೇ ನಿಂತು ಬ್ಯಾಡ ಅನ್ನಾಕ ಆಗಂಗಿಲ್ಲ, ಅನ್ನಬೇಕು ಅಂತ ಬರೇ ಬಾಯಿ ಮಾತಿಗೆ ಹೇಳಿದ್ರ ಉಪಯೋಗ ಇಲ್ಲ. ಅದಕ್ಕ ಹೋಲ್ಡ್ ಹಾಕೋ ಹಕ್ಕು ಯಾರಿಗೈತಿ, ತಗಿಯೋ ಹಕ್ಕು ಯಾರಿಗೈತಿ ಅಂತ ಒಂದು ಹಾಳಿ ಮ್ಯಾಲ ಮೊದಲೇ ಸಹಿ ಮಾಡಿಸಿ ಗೋಡೆಗೆ ಅಂಟಿಸ್ರಿ, ನೈಟ್ ಶಿಫ್ಟಿಗೂ ಹೆಸರು ಇರಲಿ. ಹಾಕಾಕ ಯಾರಾದ್ರೂ ಆತು, ಆಪರೇಟರಾದ್ರೂ ಆತು. ತಗಿಯಾಕ ಮಾತ್ರ ಒಂದಿಬ್ಬರ ಸಹಿನೇ ಬೇಕು, ಮತ್ತ ಅವರು ಪ್ರೊಡಕ್ಷನ್ ಟಾರ್ಗೆಟ್ ಹೊತ್ತವರು ಆಗಬಾರದು. ಕೆಂಪು ಬಿನ್ ತುಂಬಿ ತುಳಕ್ತಿರ್ತೈತಿ, ಎನ್‌ಸಿಆರ್ ಫೈಲ್ ಮಾತ್ರ ಖಾಲಿ, ಇಂಥಾ ಶಾಪ್‌ಗೆ ಆಡಿಟರ್ ಬಂದ್ರ ಮೊದಲು ಬಿನ್ ಹತ್ರಾನೇ ಹೋಗ್ತಾನ, ನಾನಾದ್ರೂ ಅಲ್ಲಿಗೇ ಹೋಗ್ತೀನಿ.

ಸ್ಕ್ರ್ಯಾಪ್ ಅಂತ ಡಿಸ್ಪೊಸಿಷನ್ ಆದ ಪೀಸಿನ ಕೆಲಸ ಬಿನ್ನಿಗೆ ಹಾಕಿದ್ರ ಮುಗಿಯಂಗಿಲ್ಲ. ನಮ್ಮ 25 ಪೀಸು ಹೊಳೀತಾವ, 13 ಮೈಕ್ರಾನ್ ಹೆಚ್ಚು ಐತಿ ಅಂತ ಭಂಗಾರದವನಿಗೆ (ಸ್ಕ್ರ್ಯಾಪ್ ಕೊಳ್ಳೋವನಿಗೆ) ಕಾಣಂಗಿಲ್ಲ, ಅವ್ನು ಅದನ್ನ ಸ್ಪೇರ್ ಅಂಗಡಿಗೆ ಮಾರಿದ್ರ ಅದು ಯಾರ ಗಾಡಿಯೊಳಗೋ ಹೋಗಿ ಕೂಡ್ತೈತಿ. ಐಎಟಿಎಫ್ 8.7.1.7 ಅದಕ್ಕೇ ಪೀಸು ಬಳಸಾಕ ಬರದಂಗ ಮಾಡಿ ಆಮ್ಯಾಲ ಕಳಸು ಅಂತ ಹೇಳೋದು. ಬೋರಿನ ಅಡ್ಡ ಗ್ರೈಂಡರ್ ಹಾಕಿ ಒಂದು ಕಟ್ ಹೊಡೀರಿ, 25 ಎಣಸ್ರಿ, ಫೋಟೋ ತಗದು ಎನ್‌ಸಿಆರ್‌ಗೆ ಹಚ್ಚಿ ಆಮ್ಯಾಲ ಗೇಟ್ ಪಾಸ್ ಮಾಡ್ರಿ.